ದೂರದ ಸವಾರಿಯ ಜೀನು ಕುದುರೆಯ ಬೆನ್ನಿಗೆ ಹೊಂದುವ ಬಗೆ

ಒಂದೇ ದಿನದಲ್ಲಿ 160 ಕಿಲೋಮೀಟರ್ ಕ್ರಮಿಸುವ ಕುದುರೆ ಆ ದೂರದ ಬಹುಪಾಲನ್ನು ಕುಕ್ಕುಲೋಟದಲ್ಲಿ, ಅಂದರೆ ಸವಾರರು ಟ್ರಾಟ್ ಎಂದು ಕರೆಯುವ ನಡೆಯಲ್ಲಿ ಮುಗಿಸುತ್ತದೆ. ನಾಲ್ಕೂ ಕಾಲುಗಳು ಒಮ್ಮೆ ಊರಿ ಎದ್ದರೆ ಎರಡೂವರೆ ಮೀಟರ್ ಸಾಗಿತು ಎಂದು ಲೆಕ್ಕ ಹಿಡಿದರೂ ಅಂಥ 60,000ಕ್ಕೂ ಹೆಚ್ಚು ಸುತ್ತುಗಳಾಗುತ್ತವೆ. ಪ್ರತಿ ಸುತ್ತಿನಲ್ಲಿಯೂ ಸವಾರನ ಭಾರ ಎರಡು ಬಾರಿ ಬೆನ್ನಿನ ಮೇಲೆ ಇಳಿಯುತ್ತದೆ. ನಿಂತ ಕುದುರೆಯ ಮೇಲೆ 70 ಕಿಲೋ ತೂಗುವ ಸವಾರನು ಕುಕ್ಕುಲೋಟದ ಏರಿಳಿತದಲ್ಲಿ, ಭಾರ ಗರಿಷ್ಠವಾಗುವ ಕ್ಷಣಕ್ಕೆ, ಅದರ ಎರಡು ಪಟ್ಟನ್ನೂ ಮೀರಿದ ಒತ್ತಡವನ್ನು ಬೆನ್ನಿಗೆ ಕೊಡುತ್ತಾನೆ. ಲಾಯದ ಅಂಗಳದಲ್ಲಿ ಹತ್ತು ನಿಮಿಷ ಕಟ್ಟಿ ನೋಡಿದಾಗ ಯಾವ ದೋಷವೂ ಕಾಣದ ಜೀನು ಹತ್ತನೆಯ ಗಂಟೆಯಲ್ಲಿ ಬೆನ್ನನ್ನು ನೋಯಿಸುವುದಕ್ಕೆ ಕಾರಣ ಈ ಲೆಕ್ಕದಲ್ಲಿಯೇ ಇದೆ. ಆದ್ದರಿಂದ ದೂರದ ಸವಾರಿಗೆ ಜೀನನ್ನು ಆರಿಸುವವನು ಭಾರ ಎಲ್ಲೆಲ್ಲಿ ಬೀಳುತ್ತದೆ ಎಂಬುದರ ಜೊತೆಗೆ ಅದು ಎಷ್ಟು ಹೊತ್ತು ಅಲ್ಲಿಯೇ ಬೀಳುತ್ತದೆ ಎಂಬುದನ್ನೂ, ಆ ಹೊತ್ತಿನೊಳಗೆ ಬೆನ್ನಿನ ಆಕಾರವೇ ಹೇಗೆ ಬದಲಾಗುತ್ತದೆ ಎಂಬುದನ್ನೂ ಗಮನಿಸಬೇಕಾಗುತ್ತದೆ.

ಮೊದಲಿಗೆ ಭಾರವನ್ನು ಹೊರಬಲ್ಲ ಜಾಗ ಯಾವುದು ಎಂದು ತಿಳಿಯೋಣ. ಕುದುರೆಗೆ ಸಾಮಾನ್ಯವಾಗಿ 18 ಜೊತೆ ಪಕ್ಕೆಲುಬುಗಳಿರುತ್ತವೆ. ಬೆನ್ನುಮೂಳೆಯ ಎರಡೂ ಬದಿಯಲ್ಲಿ, ಈ ಪಕ್ಕೆಲುಬುಗಳ ಆಸರೆಯ ಮೇಲೆ ಉದ್ದಕ್ಕೆ ಹಬ್ಬಿರುವ ದಪ್ಪ ಸ್ನಾಯುವಿನ ಮೇಲೆ ಮಾತ್ರ ಜೀನು ಕೂರಬೇಕು. ನಡುವಿನ ಬೆನ್ನುಮೂಳೆಯ ತುದಿಗಳ ಮೇಲೆ ಚರ್ಮವೂ ಅಸ್ಥಿರಜ್ಜುವೂ ಬಿಟ್ಟರೆ ಮೆತ್ತನೆಯ ಹೊದಿಕೆ ಇಲ್ಲದಿರುವುದರಿಂದ ಅಲ್ಲಿ ಒತ್ತಡ ಸ್ವಲ್ಪವೂ ಬೀಳಬಾರದು. ಕೊನೆಯ ಪಕ್ಕೆಲುಬಿನ ಆಚೆಗೆ ಸೊಂಟದ ಮೂಳೆಗಳು ಕೆಳಗಿನಿಂದ ಆಸರೆಯಿಲ್ಲದೆ ಅಡ್ಡಕ್ಕೆ ಚಾಚಿಕೊಂಡಿರುತ್ತವೆ. ಅಲ್ಲಿಗೆ ಸವಾರನ ಭಾರ ತಲುಪಬಾರದು. ಹೊಟ್ಟೆಯ ಬದಿಯಲ್ಲಿ ಕೊನೆಯ ಪಕ್ಕೆಲುಬನ್ನು ಬೆರಳಿನಿಂದ ಹುಡುಕಿ, ಅದರ ಜಾಡು ಹಿಡಿದು ಬೆನ್ನಿನವರೆಗೆ ಸಾಗಿದರೆ ಜೀನಿನ ಹಿಂಗಡಿ ಸಿಗುತ್ತದೆ.

ಮುಂಗಡಿಯನ್ನು ನಿರ್ಧರಿಸುವುದು ಭುಜ, ಮತ್ತು ಹೆಚ್ಚು ತಪ್ಪುಗಳು ನಡೆಯುವುದು ಅಲ್ಲಿಯೇ. ಕುದುರೆಗೆ ಕೊರಳೆಲುಬು ಇಲ್ಲ. ಅದರ ಭುಜಫಲಕವು ಮೂಳೆಯ ಕೀಲಿನಿಂದ ದೇಹಕ್ಕೆ ಜೋಡಣೆಯಾಗಿಲ್ಲ, ಸ್ನಾಯುಗಳ ತೊಟ್ಟಿಲಿನಲ್ಲಿ ತೂಗಿಕೊಂಡಿದೆ. ಮುಂಗಾಲು ಮುಂದಕ್ಕೆ ಚಾಚಿದಾಗ ಭುಜಫಲಕದ ಮೇಲ್ತುದಿ ತಿರುಗಿ ಹಿಂದಕ್ಕೆ ಹಲವು ಸೆಂಟಿಮೀಟರುಗಳಷ್ಟು ಜಾರುತ್ತದೆ. ಜೀನನ್ನು ಭುಜದ ಮೇಲೆಯೇ ಇಟ್ಟು ಕಟ್ಟಿದರೆ ಪ್ರತಿ ಹೆಜ್ಜೆಗೂ ಆ ಮೂಳೆಯ ಅಂಚು ಜೀನಿನ ಗಟ್ಟಿ ಭಾಗಕ್ಕೆ ಬಡಿಯುತ್ತದೆ. ಕುದುರೆ ಅದನ್ನು ತಪ್ಪಿಸಿಕೊಳ್ಳಲು ಹೆಜ್ಜೆಯನ್ನು ಗಿಡ್ಡ ಮಾಡುತ್ತದೆ. ಗಿಡ್ಡ ಹೆಜ್ಜೆಯೆಂದರೆ ಅದೇ ದೂರಕ್ಕೆ ಹೆಚ್ಚು ಹೆಜ್ಜೆ, ಹೆಚ್ಚು ದಣಿವು. ಭುಜಫಲಕದ ಹಿಂದಿನ ಅಂಚನ್ನು ಗುರುತಿಸಿ, ಅಲ್ಲಿಂದ ಎರಡು ಮೂರು ಬೆರಳು ಹಿಂದೆ ಜೀನಿನ ಚೌಕಟ್ಟು ಆರಂಭವಾಗುವಂತೆ ಇಡುವುದು ಸರಿಯಾದ ಕ್ರಮ. ಜೀನನ್ನು ಸ್ವಲ್ಪ ಮುಂದೆ ಇಟ್ಟು ಕೂದಲಿನ ದಿಕ್ಕಿನಲ್ಲಿ ಹಿಂದಕ್ಕೆ ಜಾರಿಸಿದರೆ ಅದು ತಾನಾಗಿಯೇ ನಿಲ್ಲುವ ಒಂದು ಜಾಗ ಸಿಗುತ್ತದೆ. ಆ ಜಾಗ ಕುದುರೆಯ ದೇಹ ತೋರಿಸುವ ಜಾಗ. ಸವಾರನ ರೂಢಿಗೆ ಅದಕ್ಕಿಂತ ಹೆಚ್ಚಿನ ಬೆಲೆ ಕೊಡಬಾರದು.

ಒತ್ತಡ ಕಾಲಕ್ರಮದಲ್ಲಿ ಗಾಯವಾಗುವುದು ರಕ್ತಸಂಚಾರದ ಮೂಲಕ. ಚರ್ಮದ ಮತ್ತು ಸ್ನಾಯುವಿನ ಸೂಕ್ಷ್ಮ ರಕ್ತನಾಳಗಳು ತೀರ ಸಣ್ಣ ಒತ್ತಡಕ್ಕೂ ಮುಚ್ಚಿಕೊಳ್ಳುತ್ತವೆ. ಒತ್ತಡ ಬಂದು ಹೋಗುತ್ತಿದ್ದರೆ ಅವು ಮತ್ತೆ ತೆರೆದುಕೊಂಡು ಜೀವಕೋಶಗಳು ಚೇತರಿಸಿಕೊಳ್ಳುತ್ತವೆ, ಆದರೆ ಅಂಗೈಯಗಲದ ಒಂದೇ ತಾಣದ ಮೇಲೆ ಗಂಟೆಗಟ್ಟಲೆ ಭಾರ ಕದಲದೆ ಕೂತರೆ ಆ ತಾಣಕ್ಕೆ ರಕ್ತ ತಲುಪುವುದಿಲ್ಲ. ಜೀನು ತೆಗೆದ ಬಳಿಕ ರಕ್ತ ಮತ್ತೆ ನುಗ್ಗಿದಾಗ ಬಾವು ಏಳುತ್ತದೆ. ಈ ಬಾವು ತಕ್ಷಣ ಕಾಣದೆ ಅರ್ಧ ಗಂಟೆಯೋ ಒಂದು ಗಂಟೆಯೋ ಕಳೆದ ಮೇಲೆ ಕಾಣಿಸಿಕೊಳ್ಳುವುದರಿಂದ, ಇಳಿದ ಕೂಡಲೇ ಬೆನ್ನನ್ನು ನೋಡಿ ಸಮಾಧಾನಪಟ್ಟುಕೊಂಡು ಹೋಗುವವರು ಮೋಸ ಹೋಗುತ್ತಾರೆ. ಹಳೆಯ ಅಶ್ವದಳಗಳಲ್ಲಿ ಸವಾರಿ ಮುಗಿದ ಮೇಲೆ ಹೊಟ್ಟೆಪಟ್ಟಿಯನ್ನು ಮಾತ್ರ ಸಡಿಲಿಸಿ, ಜೀನನ್ನು ಸ್ವಲ್ಪ ಹೊತ್ತು ಬೆನ್ನ ಮೇಲೆಯೇ ಬಿಡುವ ಪದ್ಧತಿ ಇತ್ತು. ರಕ್ತ ನಿಧಾನವಾಗಿ ಮರಳಲಿ ಎಂಬುದೇ ಅದರ ಉದ್ದೇಶ.

ಜೀನಿನ ಒಳಗೆ ಅದರ ಆಕಾರವನ್ನು ಹಿಡಿದಿಡುವ ಗಟ್ಟಿ ಚೌಕಟ್ಟು ಇರುತ್ತದೆ. ಮರದಿಂದಲೋ ಲೋಹದಿಂದಲೋ ಪ್ಲಾಸ್ಟಿಕ್ ಬಗೆಯ ವಸ್ತುವಿನಿಂದಲೋ ಮಾಡಿದ ಈ ಚೌಕಟ್ಟಿಗೆ ಟ್ರೀ ಎಂದು ಹೆಸರು. ಕುತ್ತಿಗೆ ಮುಗಿದು ಬೆನ್ನು ಆರಂಭವಾಗುವಲ್ಲಿ ಎದ್ದು ಕಾಣುವ ದಿಬ್ಬವನ್ನು ಸವಾರರು ವಿದರ್ಸ್ ಎನ್ನುತ್ತಾರೆ. ಟ್ರೀಯ ಮುಂಗಮಾನು ಈ ದಿಬ್ಬವನ್ನು ಮುಟ್ಟದೆ ದಾಟಿ, ಅದರ ಎರಡು ಕಾಲುಗಳು ಎರಡೂ ಬದಿಯ ಇಳಿಜಾರಿಗೆ ಸಮಾನಾಂತರವಾಗಿ ಇಳಿಯಬೇಕು. ಕಮಾನು ಕಿರಿದಾಗಿದ್ದರೆ ಜೀನಿನ ಮುಂಭಾಗ ಮೇಲೇಳುತ್ತದೆ, ಕಾಲುಗಳ ತುದಿಗಳು ಸ್ನಾಯುವನ್ನು ಚಿವುಟುತ್ತವೆ ಮತ್ತು ಸವಾರ ಹಿಂದಕ್ಕೆ ವಾಲಿ ಅವನ ಭಾರವೆಲ್ಲ ಜೀನಿನ ಹಿಂತುದಿಗೆ ಸೇರುತ್ತದೆ. ಕಮಾನು ಅಗಲವಾಗಿದ್ದರೆ ಮುಂಭಾಗ ಕುಸಿದು ವಿದರ್ಸ್ ಮೇಲೆಯೇ ಕೂರುತ್ತದೆ. ಎರಡು ಮೂರು ಬೆರಳು ತೂರುವಷ್ಟು ಎಡೆ ಇರಬೇಕೆಂಬ ಮಾತು ಎಲ್ಲರಿಗೂ ಗೊತ್ತಿದೆ. ಆ ಎಡೆಯನ್ನು ಸವಾರ ಏರಿದ ಮೇಲೆ, ರಿಕಾಪಿನಲ್ಲಿ, ಅಂದರೆ ಪಾದವಿಡಲು ಜೀನಿನಿಂದ ಇಳಿಬಿಟ್ಟ ಬಳೆಯಲ್ಲಿ, ಎದ್ದು ನಿಂತಾಗಲೂ ನೋಡಬೇಕು ಎಂಬುದು ಮರೆತುಹೋಗುತ್ತದೆ. ಇನ್ನೊಂದು ಸೂಕ್ಷ್ಮವೂ ಇಲ್ಲಿದೆ. ಕಮಾನಿನ ಕೋನ ಬೇರೆ, ಅದರ ಅಗಲ ಬೇರೆ. ಒಂದೇ ಕೋನದ ಎರಡು ಕಮಾನುಗಳಲ್ಲಿ ಒಂದರ ಶಿಖರ ಮೊನಚಾಗಿಯೂ ಇನ್ನೊಂದರದು ದುಂಡಾಗಿಯೂ ಇರಬಹುದು. ಆದ್ದರಿಂದ ‘ಮಧ್ಯಮ’, ‘ಅಗಲ’ ಎಂಬ ಗುರುತುಗಳನ್ನು ನಂಬಿ ಜೀನು ಕೊಳ್ಳುವುದರಲ್ಲಿ ಅರ್ಥವಿಲ್ಲ. ಒಬ್ಬ ತಯಾರಕರ ಮಧ್ಯಮ ಅಳತೆ ಇನ್ನೊಬ್ಬರ ಕಿರಿದಾದ ಅಳತೆಯಾಗಿರುವುದು ಸಾಮಾನ್ಯ.

ಮುಂಭಾಗ ಸರಿಹೊಂದಿದ ಮೇಲೆ ಉದ್ದಕ್ಕೆ ನೋಡಬೇಕು. ಬೆನ್ನಿನ ರೇಖೆ ನಡುವೆ ತಗ್ಗಾಗಿದ್ದು ಜೀನಿನ ತಳ ನೇರವಾಗಿದ್ದರೆ, ಜೀನು ಹಳ್ಳದ ಮೇಲೆ ಹಾಕಿದ ಕಾಲುಸೇತುವೆಯಂತೆ ಮುಂದೆ ಮತ್ತು ಹಿಂದೆ ಮಾತ್ರ ತಾಗಿ ನಡುವೆ ತೇಲುತ್ತದೆ. ಸವಾರನ ಪೂರ್ತಿ ಭಾರ ನಾಲ್ಕು ಮೂಲೆಗಳ ಮೇಲೆ ಬೀಳುವ ಈ ದೋಷ ದೂರದ ಸವಾರಿಯಲ್ಲಿ ಅತ್ಯಂತ ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಹೊರಗಿನಿಂದ ನೋಡಿದವರಿಗೆ ಜೀನು ಗಟ್ಟಿಯಾಗಿ, ಅಲುಗಾಡದೆ, ಅಚ್ಚುಕಟ್ಟಾಗಿ ಕೂತಂತೆಯೇ ಕಾಣುತ್ತದೆ. ಇದಕ್ಕೆ ವಿರುದ್ಧವಾಗಿ ಬೆನ್ನು ಚಪ್ಪಟೆಯಾಗಿದ್ದು ಜೀನಿನ ತಳ ಬಾಗಿದ್ದರೆ ಅದು ತೊಟ್ಟಿಲಿನಂತೆ ಹಿಂದೆ ಮುಂದೆ ತೂಗುತ್ತದೆ, ನಡುವಿನಲ್ಲಿ ಚರ್ಮ ತಿಕ್ಕಿಹೋಗುತ್ತದೆ. ತೂಗುವುದನ್ನು ಕಣ್ಣಿನಿಂದ ಕಾಣಬಹುದು, ತೇಲುವುದನ್ನು ಕೈಯಿಂದ ಮಾತ್ರ ತಿಳಿಯಬಹುದು. ಜೀನಿನ ಕೆಳಗೆ ಬಟ್ಟೆ ಹಾಕದೆ, ಅಂಗೈಯನ್ನು ಮೇಲ್ಮುಖವಾಗಿ ಚಪ್ಪಟೆ ಹಿಡಿದು ಮುಂದಿನಿಂದ ಹಿಂದಕ್ಕೆ ನಿಧಾನವಾಗಿ ಸರಿಸಿದಾಗ ಎಲ್ಲಿಯೂ ಕೈ ಸಿಕ್ಕಿಕೊಳ್ಳಬಾರದು, ಎಲ್ಲಿಯೂ ಒತ್ತಡ ಥಟ್ಟನೆ ಮಾಯವಾಗಬಾರದು. ಇದನ್ನು ಸವಾರ ಏರಿ ಕೂತಿರುವಾಗ ಮತ್ತೊಬ್ಬರು ಮಾಡಬೇಕು. ಸಹಾಯಕನೊಬ್ಬ ಕುದುರೆಯನ್ನು ಮೆಲ್ಲನೆ ನಡೆಸುತ್ತಿರುವಾಗ ಭುಜದ ಹಿಂದೆ ಕೈಯಿಟ್ಟು ನೋಡಿದರೆ ಇನ್ನೂ ಒಳ್ಳೆಯದು.

ಬೆನ್ನುಮೂಳೆಯ ನೇರಕ್ಕೆ ಜೀನಿನ ತಳದಲ್ಲಿ ಉದ್ದಕ್ಕೂ ಒಂದು ಕಾಲುವೆ ಇರುತ್ತದೆ. ಅದು ಮುಂದಿನಿಂದ ಹಿಂದಿನವರೆಗೆ ಮೂರು ನಾಲ್ಕು ಬೆರಳಿನಷ್ಟು ಅಗಲವಾಗಿರಬೇಕು. ಮುಂದೆ ಅಗಲವಾಗಿದ್ದು ಹಿಂದೆ ಕಿರಿದಾಗುವ ಕಾಲುವೆಯ ಜೀನು, ಕುದುರೆ ತಿರುವಿನಲ್ಲಿ ಬಾಗಿದಾಗ ಮೂಳೆಯ ಅಂಚಿಗೆ ತಾಗುತ್ತದೆ.

ಜೀನನ್ನು ಎಲ್ಲಿಯೇ ಇಟ್ಟರೂ ಕೊನೆಗೆ ಅದು ಹೋಗಿ ನಿಲ್ಲುವುದು ಹೊಟ್ಟೆಪಟ್ಟಿ ಎಳೆದಲ್ಲಿಗೆ. ಮುಂಗಾಲಿನ ಮೊಣಗಂಟಿನ ಹಿಂದೆ ಎದೆಗೂಡು ಅತಿ ಕಿರಿದಾಗಿರುವ ಜಾಗದಲ್ಲಿ ಪಟ್ಟಿ ನೆಲೆಗೊಳ್ಳುತ್ತದೆ. ಕೆಲವು ಕುದುರೆಗಳಲ್ಲಿ ಆ ಜಾಗ ಬಹಳ ಮುಂದಿರುತ್ತದೆ. ಆಗ ಪಟ್ಟಿ ಮುಂದಕ್ಕೆ ಸರಿದು ತನ್ನೊಂದಿಗೆ ಜೀನನ್ನೂ ಭುಜದ ಮೇಲಕ್ಕೆ ಎಳೆದೊಯ್ಯುತ್ತದೆ. ಸಹನಾ ಸವಾರಿಯಲ್ಲಿ, ಅಂದರೆ ದೂರದ ಸವಾರಿಯ ಸ್ಪರ್ಧೆಯಲ್ಲಿ, ಹೆಚ್ಚಾಗಿ ಕಾಣುವ ಅರಬ್ಬಿ ತಳಿಯ ಕುದುರೆಗಳಲ್ಲಿ, ಬೆನ್ನು ಗಿಡ್ಡವಾಗಿಯೂ ಅಗಲವಾಗಿಯೂ ಇದ್ದು ವಿದರ್ಸ್ ತಗ್ಗಾಗಿರುವವುಗಳಿಗೆ ಈ ತೊಂದರೆ ಹೆಚ್ಚು. ಪಟ್ಟಿಯನ್ನು ಇನ್ನಷ್ಟು ಬಿಗಿದರೆ ಜೀನು ನಿಲ್ಲುತ್ತದೆ ಎಂದುಕೊಳ್ಳುವುದು ಸಹಜವಾದರೂ ಅದರಿಂದ ಉಸಿರಾಟಕ್ಕೆ ಅಡ್ಡಿಯಾಗುತ್ತದೆ, ಮೊಣಗಂಟಿನ ಹಿಂದೆ ಚರ್ಮ ಕಿತ್ತುಬರುತ್ತದೆ. ಜೀನಿನ ಬದಿಯಲ್ಲಿ ಪಟ್ಟಿಯನ್ನು ಸಿಕ್ಕಿಸುವ ತೊಗಲಿನ ವಾರುಗಳ ಜಾಗವನ್ನು ಮುಂದೆ ಹಿಂದೆ ಬದಲಿಸಿಕೊಳ್ಳಬಹುದಾದ ಜೀನು, ಅಥವಾ ಬಾಗಿದ ಆಕಾರದ ಹೊಟ್ಟೆಪಟ್ಟಿ ಇದಕ್ಕೆ ನಿಜವಾದ ಪರಿಹಾರ. ಗುಡ್ಡಗಾಡಿನ ಹಾದಿಯಲ್ಲಿ ಎದೆಪಟ್ಟಿ, ಬಾಲದ ಬುಡಕ್ಕೆ ಹಾಕುವ ಪಟ್ಟಿ ಇವುಗಳ ನೆರವು ಪಡೆಯುವುದು ತಪ್ಪಲ್ಲ, ಆದರೆ ಸಮತಟ್ಟಾದ ನೆಲದಲ್ಲಿಯೂ ಅವುಗಳ ಬಲದಿಂದಲೇ ನಿಲ್ಲಬೇಕಾದ ಜೀನು ಆ ಕುದುರೆಗೆ ಹೊಂದಿಲ್ಲ.

ದೂರದ ಸವಾರಿಗೇ ವಿಶೇಷವಾದ ಇನ್ನೊಂದು ವಿಷಯವೆಂದರೆ ರಿಕಾಪು ತೂಗುವ ಜಾಗ. ಗಂಟೆಗಟ್ಟಲೆ ಕುಕ್ಕುಲೋಟದಲ್ಲಿ ಸಾಗುವವರು ಬಹಳ ಹೊತ್ತು ಆಸನದಿಂದ ಎದ್ದು, ರಿಕಾಪಿನಲ್ಲಿ ಅರ್ಧ ನಿಂತ ಭಂಗಿಯಲ್ಲಿರುತ್ತಾರೆ. ಆಗ ಸವಾರನ ಭಾರ ಆಸನದ ಮೂಲಕ ಹರಡದೆ, ರಿಕಾಪಿನ ವಾರುಗಳನ್ನು ತೂಗುಹಾಕಿರುವ ಎರಡು ಬಿಂದುಗಳ ಮೂಲಕ ಇಳಿಯುತ್ತದೆ. ಆ ಬಿಂದುಗಳು ತೀರ ಮುಂದಿದ್ದರೆ ಭುಜದ ಹಿಂಬದಿಯ ಸ್ನಾಯು ದಿನವಿಡೀ ಅದನ್ನು ಹೊರಬೇಕು. ಸವಾರನ ಕಾಲೂ ಮುಂದಕ್ಕೆ ಓಡಿ, ಅವನು ಪ್ರತಿ ಬಾರಿ ಎದ್ದಾಗಲೂ ಹಿಂದಕ್ಕೆ ಬಿದ್ದು ಕೂರುವಂತಾಗುತ್ತದೆ. ರಿಕಾಪು ಆಸನದ ನಡುಭಾಗಕ್ಕೆ ಹತ್ತಿರವಾಗಿ ತೂಗುತ್ತಿದ್ದರೆ ಸವಾರನ ಕಿವಿ, ಭುಜ, ಸೊಂಟ, ಹಿಮ್ಮಡಿ ಒಂದೇ ನೇರದಲ್ಲಿ ನಿಂತು, ಶ್ರಮವಿಲ್ಲದೆ ಸಮತೋಲ ಸಿಗುತ್ತದೆ. ಸವಾರನಿಗೆ ಆಸನ ಹೊಂದದಿದ್ದರೆ ಅದರ ದಂಡವನ್ನು ತೆರುವುದೂ ಕುದುರೆಯೇ. ಚಿಕ್ಕ ಆಸನದಲ್ಲಿ ಕೂತವನು ಜೀನಿನ ಹಿಂದಿನ ಏರಿನ ಮೇಲೆ ಕೂರುತ್ತಾನೆ, ತೊಡೆ ನೋಯುವವನು ಒಂದು ಬದಿಗೆ ವಾಲುತ್ತಾನೆ. ಉದ್ದ ಕಾಲಿನ ಸವಾರನಿಗೆ ಗಿಡ್ಡ ಬೆನ್ನಿನ ಕುದುರೆಯಿದ್ದರೆ ಇಬ್ಬರ ಅಗತ್ಯಗಳೂ ಡಿಕ್ಕಿ ಹೊಡೆಯುತ್ತವೆ. ಅಂಥಲ್ಲಿ ಆಸನದ ಉದ್ದವನ್ನು ಹೆಚ್ಚಿಸುವ ಬದಲು, ಮೊಣಕಾಲು ಮುಂದಕ್ಕೆ ಬರಲು ಎಡೆಯಿರುವ ವಿನ್ಯಾಸವನ್ನು ಹುಡುಕುವುದು ಲೇಸು.

ಯಾವ ಬಗೆಯ ಜೀನು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಉಣ್ಣೆ ತುಂಬಿದ ಮೆತ್ತೆಗಳ ಇಂಗ್ಲಿಷ್ ಮಾದರಿಯ ಜೀನು ಹಗುರ ಮತ್ತು ತಿದ್ದಲು ಸುಲಭ, ಆದರೆ ಬೆನ್ನನ್ನು ತಾಗುವ ವಿಸ್ತಾರ ಕಡಿಮೆ. ದನಗಾಹಿಗಳ ಪಾಶ್ಚಾತ್ಯ ಮಾದರಿಯ ಜೀನಿನಲ್ಲಿ ಉದ್ದ ಅಗಲದ ಹಲಗೆಗಳು ಭಾರವನ್ನು ಚೆನ್ನಾಗಿ ಹರಡುತ್ತವೆ, ಆದರೆ ಜೀನೇ ಭಾರ. ಹಲಗೆಯ ಆಕಾರ ಬೆನ್ನಿಗೆ ಹೊಂದದಿದ್ದರೆ ತಿದ್ದುವ ದಾರಿಯೂ ಕಡಿಮೆ. ಸಹನಾ ಸವಾರಿಗೆಂದೇ ಮಾಡಿದ ಜೀನುಗಳು ಹಗುರವಾದ ಚೌಕಟ್ಟಿಗೆ ಅಗಲವಾದ ತಳವನ್ನು ಸೇರಿಸಿ ಇವೆರಡರ ನಡುವಿನ ಹಾದಿ ಹಿಡಿಯುತ್ತವೆ. ಚೌಕಟ್ಟೇ ಇಲ್ಲದ ಜೀನುಗಳೂ ಇವೆ. ಭುಜಕ್ಕೆ ಅವು ಕೊಡುವ ಬಿಡುವು ನಿಜವಾದದ್ದೇ, ಆದರೆ ಭಾರವನ್ನು ಹರಡುವ ಗಟ್ಟಿ ಅಂಗವಿಲ್ಲದ ಕಾರಣ ಒತ್ತಡವು ಸವಾರನ ಆಸನದ ಕೆಳಗೆ ಮತ್ತು ರಿಕಾಪಿನ ಬಿಂದುಗಳ ಕೆಳಗೆ ಒಟ್ಟುಗೂಡುತ್ತದೆ. ಬೆನ್ನುಮೂಳೆಗೆ ಕಾಲುವೆ ಬಿಡುವ ವಿಶೇಷ ಮೆತ್ತೆಯಿಲ್ಲದೆ ಅವನ್ನು ಬಳಸಬಾರದು. ಭಾರವಾದ ಸವಾರರು ದೀರ್ಘ ದೂರಕ್ಕೆ ಅವನ್ನು ಆರಿಸುವ ಮುನ್ನ ಹೆಚ್ಚು ಎಚ್ಚರ ವಹಿಸಬೇಕು.

ಜೀನಿನ ಕೆಳಗಿನ ಮೆತ್ತೆಯ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ಬೇರೂರಿದೆ. ಬಿಗಿಯಾದ ಬೂಟಿನೊಳಗೆ ದಪ್ಪ ಕಾಲುಚೀಲ ಹಾಕಿಕೊಂಡರೆ ಪಾದಕ್ಕೆ ಆಗುವ ಹಿಂಸೆಯೇ, ಕಿರಿದಾದ ಜೀನಿನ ಕೆಳಗೆ ದಪ್ಪ ಮೆತ್ತೆ ಹಾಕಿದಾಗ ಕುದುರೆಗೆ ಆಗುತ್ತದೆ. ತುಸು ಅಗಲವಾದ ಜೀನನ್ನು ಮೆತ್ತೆಯಿಂದ ಸರಿಪಡಿಸಬಹುದು; ಕಿರಿದಾದದ್ದನ್ನು ಸಾಧ್ಯವಿಲ್ಲ. ಬೆವರನ್ನು ಹೀರುವ, ತೊಳೆದರೆ ಸ್ವಚ್ಛವಾಗುವ ಉಣ್ಣೆಯ ಮೆತ್ತೆ ದೂರದ ಸವಾರಿಗೆ ಒಳ್ಳೆಯದು. ಕಟ್ಟುವ ಮುನ್ನ ಅದನ್ನು ಜೀನಿನ ಕಾಲುವೆಯೊಳಕ್ಕೆ ಎತ್ತಿ ಕೂರಿಸದಿದ್ದರೆ, ಸವಾರಿ ಸಾಗಿದಂತೆ ಬಟ್ಟೆ ಬಿಗಿದು ವಿದರ್ಸ್ ಮೇಲೆ ಒತ್ತತೊಡಗುತ್ತದೆ.

ಇಷ್ಟೆಲ್ಲ ಹೊಂದಿಸಿದ ಮೇಲೂ ಬೆನ್ನು ನಿಂತಂತೆ ನಿಲ್ಲುವುದಿಲ್ಲ. ಒಂದೇ ದಿನದೊಳಗೆ ನೋಡಿದರೆ, ಬೆಳಗಿನ ಉತ್ಸಾಹದಲ್ಲಿ ಹೊಟ್ಟೆಯ ಸ್ನಾಯುಗಳನ್ನು ಬಳಸಿ ಬೆನ್ನನ್ನು ಎತ್ತಿ ನಡೆಯುವ ಕುದುರೆ ದಣಿದಾಗ ಅದೇ ಬೆನ್ನನ್ನು ತಗ್ಗಿಸುತ್ತದೆ. ಬೆಳಿಗ್ಗೆ ಪೂರ್ತಿ ತಾಗುತ್ತಿದ್ದ ಜೀನು ಸಂಜೆಗೆ ನಡುವೆ ತೇಲತೊಡಗಬಹುದು. ತಿಂಗಳುಗಳ ಲೆಕ್ಕದಲ್ಲಿ ನೋಡಿದರೆ, ತರಬೇತಿಯಿಂದ ಭುಜದ ಹಿಂದಿನ ತಗ್ಗು ತುಂಬಿಕೊಳ್ಳುತ್ತದೆ, ಕೊಬ್ಬು ಕರಗಿ ವಿದರ್ಸ್ ಎದ್ದು ಕಾಣುತ್ತದೆ. ಇನ್ನೂ ಬೆಳೆಯುತ್ತಿರುವ ಎಳೆಯ ಕುದುರೆಗೆ ದುಬಾರಿ ಜೀನು ಕೊಂಡವರಿಗೆ ಇದರ ಅನುಭವ ಬೇಗನೆ ಆಗುತ್ತದೆ. ಈ ಸಮಸ್ಯೆಯನ್ನು ಅತಿ ದೊಡ್ಡ ಪ್ರಮಾಣದಲ್ಲಿ ಎದುರಿಸಿದವು ಸೈನ್ಯಗಳು. ಅಮೆರಿಕದ ಸೈನ್ಯವು 1859ರಲ್ಲಿ ಅಳವಡಿಸಿಕೊಂಡ ಮೆಕ್ಲೆಲನ್ ಜೀನಿನಲ್ಲಿ ಬೆನ್ನುಮೂಳೆಯ ನೇರಕ್ಕೆ ಪೂರ್ತಿ ತೆರೆದ ಸೀಳು ಇತ್ತು; ಗಾಳಿಯಾಡುವುದಕ್ಕೆ ಅದು ಒಳ್ಳೆಯದೇ ಆದರೂ, ಎರಡೂ ಬದಿಯ ಹಲಗೆಗಳ ಅಳತೆ ಮಾರ್ಪಡುವಂಥದ್ದಾಗಿರಲಿಲ್ಲ. ದಂಡಯಾತ್ರೆಯಲ್ಲಿ ಕುದುರೆ ಬಡಕಲಾದಂತೆ ಹೊರಡುವಾಗ ಹೊಂದಿದ್ದ ಜೀನು ಹೊಂದದೆ ಹೋಗುವುದನ್ನು ತಡೆಯಲು, ಕೆಳಗೆ ಹಾಸುವ ಕಂಬಳಿಯ ಮಡಿಕೆಯನ್ನು ಬದಲಿಸುವುದು ಅಶ್ವದಳದವರ ಸರಳ ಉಪಾಯವಾಗಿತ್ತು. ಬ್ರಿಟಿಷ್ ಸೈನ್ಯದ 1912ರ ಮಾದರಿಯಲ್ಲಿ ಬದಿಯ ಹಲಗೆಗಳನ್ನು ಕಮಾನಿಗೆ ತಿರುಗುವ ಕೀಲುಗಳಿಂದ ಜೋಡಿಸಿ, ಅವು ಬೇರೆ ಬೇರೆ ಬೆನ್ನುಗಳ ಇಳಿಜಾರಿಗೆ ತಾವಾಗಿ ಹೊಂದಿಕೊಳ್ಳುವಂತೆ ಮಾಡಿದರು. ಇಂದು ಕಮಾನು ಬದಲಿಸಬಹುದಾದ ಜೀನುಗಳೂ, ಮೆತ್ತೆಯ ಜೇಬುಗಳಲ್ಲಿ ತೆಳುವಾದ ಪದರಗಳನ್ನು ಸೇರಿಸುವ ಏರ್ಪಾಡೂ ಮಾಡುತ್ತಿರುವುದು ಅದೇ ಕೆಲಸವನ್ನು. ಉಣ್ಣೆ ತುಂಬಿದ ಹೊಸ ಜೀನಿನ ಮೆತ್ತೆ ಮೊದಲ ಕೆಲವು ತಿಂಗಳುಗಳಲ್ಲಿಯೇ ಅಮುಕಿ ಇಳಿಯುವುದರಿಂದ ಅದನ್ನು ಬೇಗನೆ ಒಮ್ಮೆ ತೋರಿಸಿ, ಬಳಿಕ ಆರು ತಿಂಗಳಿಗೊಮ್ಮೆಯಾದರೂ ನುರಿತವರ ಕೈಯಲ್ಲಿ ಪರೀಕ್ಷೆ ಮಾಡಿಸಬೇಕು.

ಜೀನು ಸದಾ ಒಂದೇ ಬದಿಗೆ ಜಾರುತ್ತಿದ್ದರೆ ಜೀನನ್ನು ದೂರುವ ಮೊದಲು ಕುದುರೆಯ ಹಿಂಗಾಲುಗಳನ್ನು ಪಶುವೈದ್ಯರಿಗೆ ತೋರಿಸಬೇಕು. ಕಣ್ಣಿಗೆ ಸುಲಭವಾಗಿ ಕಾಣದ ಹಿಂಗಾಲಿನ ಕುಂಟು ನಡೆಯಿಂದಲೂ ಜೀನು ಹೀಗೆ ಜಾರುತ್ತದೆ. ಅಂಥಲ್ಲಿ ಕುಂಟು ವಾಸಿಯಾಗದ ಹೊರತು ಜೀನಿನ ತಿದ್ದುಪಡಿಯಿಂದ ಪ್ರಯೋಜನವಿಲ್ಲ. ಒಂದು ಭುಜ ಇನ್ನೊಂದಕ್ಕಿಂತ ದಪ್ಪವಾಗಿರುವುದು ಕೂಡ ಬಹಳ ಕುದುರೆಗಳಲ್ಲಿ ಕಾಣುವ ಸಂಗತಿ. ಆಗ ಜೀನನ್ನು ದಪ್ಪ ಭುಜಕ್ಕೆ ಹೊಂದಿಸಿ, ಸಣ್ಣ ಬದಿಯ ಎಡೆಯನ್ನು ತೆಳು ಪದರದಿಂದ ತುಂಬುತ್ತಾರೆ.

ಬೆನ್ನಿನ ಆಕಾರವನ್ನು ಕಾಗದದ ಮೇಲೆ ಇಳಿಸಿಕೊಳ್ಳುವುದು ಕಷ್ಟದ ಕೆಲಸವೇನಲ್ಲ. ಕುದುರೆಯನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ, ತಲೆ ಸಹಜ ಎತ್ತರದಲ್ಲಿರುವಂತೆ, ನಾಲ್ಕೂ ಕಾಲುಗಳ ಮೇಲೆ ಸಮವಾಗಿ ನಿಲ್ಲಿಸಬೇಕು. ಬಾಗಿಸಿದರೆ ಬಾಗಿದಂತೆಯೇ ನಿಲ್ಲುವ ರಬ್ಬರಿನ ಅಳತೆಪಟ್ಟಿಯನ್ನು ಭುಜಫಲಕದ ಹಿಂದೆ ಒಮ್ಮೆ, ಅಲ್ಲಿಂದ ಒಂದು ಗೇಣು ಹಿಂದೆ ಒಮ್ಮೆ, ಕೊನೆಯ ಪಕ್ಕೆಲುಬಿನ ಬಳಿ ಒಮ್ಮೆ ಅಡ್ಡಕ್ಕೆ ಒತ್ತಿ, ಆ ರೇಖೆಗಳನ್ನು ಕಾಗದಕ್ಕೆ ಇಳಿಸಬೇಕು. ಬಳಿಕ ಬೆನ್ನಿನ ಉದ್ದದ ರೇಖೆಯನ್ನೂ ತೆಗೆದುಕೊಳ್ಳಬೇಕು. ರಟ್ಟಿನಲ್ಲಿ ಕತ್ತರಿಸಿಟ್ಟುಕೊಂಡರೆ ಜೀನು ನೋಡಲು ಹೋಗುವಾಗ ಕುದುರೆಯನ್ನು ಒಯ್ಯದೆಯೇ ಹೊಂದದವುಗಳನ್ನು ಬದಿಗಿಡಬಹುದು. ಪ್ರತಿ ರೇಖೆಯ ಮೇಲೂ ದಿನಾಂಕ ಬರೆಯಬೇಕು.

ಅಂತಿಮ ಪರೀಕ್ಷೆ ಸವಾರಿಯೇ. ಹಿಂದಿರುಗಿಸುವ ಷರತ್ತಿನ ಮೇಲೆ ಕೆಲವು ದಿನ ಬಳಸಲು ಸಿಗದ ಜೀನನ್ನು ದೂರದ ಸವಾರಿಗಾಗಿ ಕೊಳ್ಳಬಾರದು ಎಂದು ನಾನು ದೃಢವಾಗಿ ಹೇಳುತ್ತೇನೆ. ಮೊದಲು ಒಂದು ಗಂಟೆ, ಬಳಿಕ ಮೂರು ಗಂಟೆ, ಆಮೇಲೆ ಏರು ಇಳಿತವಿರುವ ಹಾದಿಯಲ್ಲಿ ಅರ್ಧ ದಿನ ಸವಾರಿ ಮಾಡಬೇಕು. ಜೀನಿನ ಕೆಳಗೆ ತೆಳುವಾದ ಬಿಳಿ ಹತ್ತಿಬಟ್ಟೆ ಹಾಸಿದರೆ ಬೆವರು ಮತ್ತು ಕೊಳೆ ಸೇರಿ ಭಾರ ಬಿದ್ದ ಜಾಗಗಳ ನಕ್ಷೆಯನ್ನೇ ಬಿಡಿಸುತ್ತವೆ. ಬೆನ್ನೆಲ್ಲ ಬೆವರಿದ್ದು ನಡುವೆ ಒಂದು ತಾಣ ಮಾತ್ರ ಒಣಗಿದ್ದರೆ, ಅಲ್ಲಿ ಒತ್ತಡ ಅತಿಯಾಗಿ ಬೆವರಿನ ಗ್ರಂಥಿಗಳು ಕೆಲಸ ನಿಲ್ಲಿಸಿರಬಹುದು, ಅಥವಾ ಜೀನು ಅಲ್ಲಿ ತಾಗಿಯೇ ಇಲ್ಲದಿರಬಹುದು. ಎರಡರಲ್ಲಿ ಯಾವುದೆಂದು ಜೀನಿನ ಕೆಳಗೆ ಕೈಯಾಡಿಸಿ ತಿಳಿಯಬೇಕು. ಕೂದಲು ಕೆದರಿ ಮುರಿದಿದ್ದರೆ ಜೀನು ಅಲ್ಲಿ ತಿಕ್ಕುತ್ತಿದೆ ಎಂದರ್ಥ. ಬಿಳಿ ಕೂದಲಿನ ಮಚ್ಚೆಗಳು ಈಗಿನ ಜೀನಿನ ತಪ್ಪಾಗಿರಬೇಕಿಲ್ಲ, ಏಕೆಂದರೆ ಒತ್ತಡದಿಂದ ಕೂದಲಿಗೆ ಬಣ್ಣ ಕೊಡುವ ಕೋಶಗಳು ಸತ್ತು, ಹೊಸ ಕೂದಲು ಬಿಳಿಯಾಗಿ ಹುಟ್ಟಿಬರಲು ತಿಂಗಳುಗಳೇ ಬೇಕು.

ಸವಾರಿಯ ನಡುವೆಯೂ ಕುದುರೆ ತನ್ನ ನೋವನ್ನು ತಿಳಿಸುತ್ತಲೇ ಇರುತ್ತದೆ. ಜೀನು ಕಟ್ಟುವಾಗ ಕಿವಿ ಹಿಂದಕ್ಕೆ ಮಡಿಸುವುದು, ಏರುವಾಗ ಬೆನ್ನು ತಗ್ಗಿಸುವುದು, ಇಳಿಜಾರಿನಲ್ಲಿ ಹಿಂಜರಿಯುವುದು, ಕಾರಣವಿಲ್ಲದೆ ಮತ್ತೆ ಮತ್ತೆ ಎಡವುವುದು, ಇವನ್ನು ಹಟಮಾರಿತನವೆಂದು ಎಣಿಸಿ ಶಿಕ್ಷಿಸುವುದು ಅನ್ಯಾಯ. ಸಹನಾ ಸ್ಪರ್ಧೆಗಳಲ್ಲಿ ದಾರಿಯುದ್ದಕ್ಕೂ ಪಶುವೈದ್ಯರ ತಪಾಸಣೆಯ ತಾಣಗಳಿರುತ್ತವೆ. ಅಲ್ಲಿ ಹೃದಯ ಬಡಿತ ನಿಗದಿತ ಸಮಯದೊಳಗೆ ಸಾಮಾನ್ಯವಾಗಿ ನಿಮಿಷಕ್ಕೆ 64ಕ್ಕೆ ಇಳಿಯಬೇಕು, ಮತ್ತು ವೈದ್ಯರು ಬೆನ್ನು, ವಿದರ್ಸ್, ಹೊಟ್ಟೆಪಟ್ಟಿಯ ಜಾಗಗಳನ್ನು ಒತ್ತಿ ನೋಡುತ್ತಾರೆ. ನೋವು ಹೃದಯ ಬಡಿತವನ್ನು ಏರಿಸುತ್ತದೆ. ಆದ್ದರಿಂದ ದೇಹದಾರ್ಢ್ಯ ಚೆನ್ನಾಗಿದ್ದರೂ ಬಡಿತ ಇಳಿಯಲು ತಡವಾಗುವ ಕುದುರೆಯ ಬೆನ್ನನ್ನು ಒಮ್ಮೆ ಪರೀಕ್ಷಿಸುವುದು ಯುಕ್ತ.

ಸ್ಪರ್ಧೆಯಿಲ್ಲದ ದಿನ ಅದೇ ತಪಾಸಣೆಯನ್ನು ಸವಾರನೇ ಮಾಡಿಕೊಳ್ಳಬಹುದು. ಬೆರಳ ತುದಿಗಳನ್ನು ಚುಚ್ಚದೆ, ಬೆರಳುಗಳ ಒಳಮೈಯಿಂದ, ಬೆನ್ನುಮೂಳೆಯ ಎರಡೂ ಬದಿಗೆ ವಿದರ್ಸ್‌ನಿಂದ ಸೊಂಟದವರೆಗೆ ಸಮನಾದ ಒತ್ತಡದಲ್ಲಿ ನಿಧಾನವಾಗಿ ಸಾಗಬೇಕು. ಇದನ್ನು ಸವಾರಿಯ ಮುಂಚೆ, ಜೀನು ತೆಗೆದ ಕೂಡಲೇ, ಒಂದು ಗಂಟೆಯ ಬಳಿಕ ಮತ್ತು ಮರುದಿನ ಬೆಳಿಗ್ಗೆ ಮಾಡಬೇಕು. ಸ್ನಾಯು ಎಲ್ಲಿ ಬಿಗಿಯುತ್ತದೆ, ಕುದುರೆ ಎಲ್ಲಿ ಕೈಯಿಂದ ತಪ್ಪಿಸಿಕೊಳ್ಳಲು ಬಾಗುತ್ತದೆ, ಎಲ್ಲಿ ಬಿಸಿ ಹತ್ತುತ್ತದೆ ಎಂಬುದನ್ನು ಆ ದಿನದ ದೂರ ಮತ್ತು ಹಾದಿಯ ಬಗೆಯೊಂದಿಗೆ, ಬೆನ್ನಿನ ರೇಖೆಗಳನ್ನು ಇಳಿಸಿಕೊಂಡ ಕಾಗದದ ಹಿಂಬದಿಯಲ್ಲಿಯೇ ಬರೆದಿಟ್ಟರೆ, ಮುಂದಿನ ಬಾರಿ ಜೀನು ತಿದ್ದುವವರ ಬಳಿ ಹೋಗುವಾಗ ಅವರಿಗೆ ತೋರಿಸಲು ಅದಕ್ಕಿಂತ ಉಪಯುಕ್ತವಾದ ದಾಖಲೆ ಬೇರೆ ಬೇಕಾಗುವುದಿಲ್ಲ.